ಲೇಖನದ ಮೇಲಿನ ಹೆಸರುಗಳು

ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ, ಯಾರ ಮನೆಯ ಹಿರಿಯರಿಗೆ ಅಕ್ಷರ ಮಸುಕಾದರೂ ಮೊದಲು ಬಡಿಯುವ ಬಾಗಿಲು ಡಾಕ್ಟರ್ ಭುವನೇಶ್ವರಿಯವರದು. ಮನೆಯಲ್ಲಿ ಅವರು ದವಾಖಾನೆ ಇಟ್ಟಿಲ್ಲ. ಶಹರದ ಒಂದು ವೈದ್ಯಕೀಯ ಕಾಲೇಜಿನ ಕಣ್ಣಿನ ವಿಭಾಗದಲ್ಲಿ ಪಾಠ ಹೇಳುತ್ತಾರೆ, ಅಲ್ಲಿಯೇ ರೋಗಿಗಳನ್ನು ನೋಡುತ್ತಾರೆ. ಆದರೂ ಬಾಗಿಲು ಬಡಿದವರನ್ನು ಅಂಗಳದ ಬೆಳಕಿಗೆ ನಿಲ್ಲಿಸಿ, ರೆಪ್ಪೆ ಎತ್ತಿ ನೋಡಿ, "ಏನಿಲ್ಲ, ತಣ್ಣೀರು ಹಾಕ್ಕೊಳ್ರಿ" ಎಂದೋ, "ನಾಳೆ ಮುಂಜಾನೆ ದವಾಖಾನೆಗೆ ಬರ್ರಿ, ತಡ ಮಾಡಬ್ಯಾಡ್ರಿ" ಎಂದೋ ಹೇಳಿ ಕಳಿಸುತ್ತಾರೆ. ಅದಕ್ಕಿಂತ ಹೆಚ್ಚು ಮಾತು ಅವರದಲ್ಲ.

ಅವರು ಹುಟ್ಟಿ ಬೆಳೆದದ್ದು ಶರಣಬಸವೇಶ್ವರ ಗುಡಿಯ ಹತ್ತಿರದ ಹಳೆಯ ಮನೆಯಲ್ಲಿ. ಮನೆತನದ್ದು ಭಾಂಡೆ ಅಂಗಡಿ. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಆಮೇಲೆ ಕಾಲ ಬದಲಾದ ಹಾಗೆ ಸ್ಟೀಲು. ಶಾಲೆಯಿಂದ ವೈದ್ಯಕೀಯದವರೆಗೆ ಓದಿದ್ದೆಲ್ಲ ಈ ಊರಿನಲ್ಲೇ. ಗಂಡ ದಿಲೀಪ ಬ್ಯಾಂಕಿನವರು, ಯಾದಗಿರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ. ಭುವನೇಶ್ವರಿ ಮೆತ್ತಗಿನ ಹೆಂಗಸು ಎಂದು ಕಾಲೇಜಿನಲ್ಲೂ ಹೆಸರು, ಓಣಿಯಲ್ಲೂ ಹೆಸರು. ಯಾರ ಜೊತೆಗೂ ಜಗಳ ಮಾಡಿದವರಲ್ಲ. ಜಗಳವಾಗಬಹುದಾದ ಜಾಗದಿಂದ ಮೊದಲೇ ಎದ್ದು ಬರುವುದು ಅವರ ಸ್ವಭಾವ. ಅಂಥವರು ಒಂದು ಸಲ ಏಳದೆ ಕೂತರು. ನಾನು ಹೇಳಹೊರಟಿರುವುದು ಆ ಸಂಗತಿಯನ್ನು. ಇದರಲ್ಲಿ ಅರ್ಧ ಅವರೇ ಸಂಜೆ ಹೊತ್ತು ನಮ್ಮ ಅಂಗಳದಲ್ಲಿ ಕೂತು ಹೇಳಿದ್ದು, ಉಳಿದದ್ದು ಆಸ್ಮಾಳಿಂದ ಕೇಳಿದ್ದು.

ಕಾಲೇಜಿನವರು ಕಮಲಾಪುರದಲ್ಲಿ ಒಂದು ಸಣ್ಣ ಕಣ್ಣು ತಪಾಸಣೆಯ ಕೇಂದ್ರ ನಡೆಸುತ್ತಾರೆ. ದಿನವೂ ಅಲ್ಲಿರುವವಳು ಆಸ್ಮಾ. ಕಣ್ಣು ತಪಾಸಣೆಯಲ್ಲೇ ಪದವಿ ಮಾಡಿದ ಹುಡುಗಿ, ಕಮಲಾಪುರದವಳೇ. ಅಪ್ಪ ನಬಿಸಾಬ್ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಭುವನೇಶ್ವರಿ ಪ್ರತಿ ಗುರುವಾರ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಆಸ್ಮಾ ಆರಿಸಿಟ್ಟ ಕಷ್ಟದ ರೋಗಿಗಳನ್ನು ನೋಡಿ, ಸಂಜೆಗೆ ಮರಳುತ್ತಾರೆ.

ತೊಗರಿಯ ರಾಶಿಯ ಕಾಲದಲ್ಲಿ ಆ ಕೇಂದ್ರದ ಬೆಂಚು ತುಂಬಿರುತ್ತದೆ. ಕಟ್ಟಿಗೆಯ ತುದಿ ಕಣ್ಣಿಗೆ ಬಡಿಯುತ್ತದೆ, ಮಷೀನಿನಿಂದ ಹೊಟ್ಟು ಹಾರಿ ಬೀಳುತ್ತದೆ. ಕಣ್ಣಿನ ಮುಂದಿರುವ ಗಾಜಿನಂಥ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದಕ್ಕೆ ಗೀರು ಬಿದ್ದು, ಗೀರಿನಲ್ಲಿ ಬೂಸ್ಟು ಸೇರಿಕೊಂಡರೆ ಬಿಳಿ ಹುಣ್ಣಾಗುತ್ತದೆ. ಜನ ಅದಕ್ಕೆ ಕಣ್ಣಿಗೆ ಹೂ ಬಿತ್ತು ಎನ್ನುತ್ತಾರೆ. ಬೇಗ ಬಂದರೆ ಉಳಿಯುತ್ತದೆ, ತಡವಾದರೆ ಕಣ್ಣೇ ಹೋಗುತ್ತದೆ.

ಒಂದು ಗುರುವಾರ ಖಂಡೆಪ್ಪ ಎಂಬ ರೈತ ಬಂದ. ಎಡಗಣ್ಣು ಕೆಂಡದಂತೆ ಕೆಂಪಾಗಿತ್ತು.

"ರಾಶಿ ಮಾಡೂವಾಗ ತೊಗರಿ ಕಟಗಿ ಬಡದದ್ರಿ ಡಾಕ್ಟರ್ ಬಾಯಿ. ಮೊದಲು ಆರಾಮ ಆದಂಗ ಆಗಿತ್ತು. ಆಮ್ಯಾಲ ಹೂ ಬಿತ್ತು."

"ಕಣ್ಣಿಗೆ ಏನು ಹಾಕ್ಕೊಂಡಿದ್ರಿ?" ಎಂದು ಭುವನೇಶ್ವರಿ ಕೇಳಿದರು.

"ಏನಿಲ್ರಿ. ಔಷಧ ಅಂಗಡ್ಯಾಗ ಕೇಳಿ ಹನಿ ತಂದಿದ್ದೆ, ಅಷ್ಟ."

"ಯಾವ ಹನಿ?"

"ಸಣ್ಣ ಬಾಟ್ಲಿರಿ. ಬಿಳಿ ಮುಚ್ಚಳದ್ದು."

ಎಲ್ಲ ಬಾಟಲಿಗಳ ಮುಚ್ಚಳವೂ ಬಿಳಿಯೇ. ಪಕ್ಕದಲ್ಲಿ, ಗೀರು ಕಾಣಲೆಂದು ಕಣ್ಣಿಗೆ ತಾಗಿಸುವ ಬಣ್ಣದ ಕಾಗದದ ಪಟ್ಟಿ ಹಿಡಿದು ನಿಂತಿದ್ದ ಆಸ್ಮಾ ಹೇಳಿದಳು: "ಕಾಕಾ, ಮುಂದಿನ ಸಲ ಬರೂವಾಗ ಆ ಬಾಟ್ಲಿ ತಗೊಂಡ ಬರ್ರಿ. ಖಾಲಿ ಇದ್ರೂ ನಡೀತದ."

ಖಂಡೆಪ್ಪ ತಂದ. ಅದು ಸ್ಟಿರಾಯ್ಡ್ ಹನಿ. ಕೆಂಪು ಇಳಿಸುತ್ತದೆ, ನೋವು ಇಳಿಸುತ್ತದೆ, ಹಾಕಿಕೊಂಡವನು ವಾಸಿಯಾಯಿತೆಂದು ಮತ್ತೆ ಹೊಲಕ್ಕೆ ಹೋಗುತ್ತಾನೆ. ಒಳಗೆ ಬೂಸ್ಟಿಗೆ ಅದೇ ಗೊಬ್ಬರ. ಆ ಸಂಜೆ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದ ಆಸ್ಮಾ ಕೇಳಿದಳು: "ಮೇಡಮ್, ಇದು ಖಂಡೆಪ್ಪ ಕಾಕಾ ಒಬ್ಬರದೇ ಇರಲಿಕ್ಕಿಲ್ಲ. ಕಣ್ಣಿಗೆ ಪೆಟ್ಟಾಗಿ ಬಂದವರಿಗೆಲ್ಲ ಬಾಟ್ಲಿ ತರಾಕ ಹೇಳೂಣೇನ್ರಿ? ಎಷ್ಟು ಮಂದಿ ಇದನ್ನ ಹಾಕ್ಕೊಂಡ ಬರ್ತಾರ, ಅವರ ಕಣ್ಣು ಏನಾಗ್ತಾವ, ನೋಡೂಣ."

ಅಲ್ಲಿಂದ ಶುರುವಾಯಿತು. ಭುವನೇಶ್ವರಿ ಅದನ್ನು ಸರಿಯಾದ ಅಧ್ಯಯನದ ರೂಪಕ್ಕೆ ತಂದರು, ಕಾಲೇಜಿನಿಂದ ಅನುಮತಿ ಪಡೆದರು. ಎರಡು ರಾಶಿಯ ಕಾಲ ಆಸ್ಮಾ ರೋಗಿಗಳನ್ನು ಪರೀಕ್ಷಿಸಿದಳು, ಬಾಟಲಿ ತರಿಸಿದಳು, ಎಲ್ಲರನ್ನೂ ಒಂದೇ ರೀತಿ ಪ್ರಶ್ನಿಸುವ ಕ್ರಮ ಕಟ್ಟಿದಳು, ಅರ್ಧಕ್ಕೆ ಬಿಟ್ಟವರನ್ನು ಹಳ್ಳಿಗೆ ಹೋಗಿ ಹುಡುಕಿ ಕರೆತಂದಳು. ಭುವನೇಶ್ವರಿ ಹುಣ್ಣನ್ನು ಕೆರೆದು ಮಾದರಿ ತೆಗೆದರು. ಕಾಲೇಜಿನ ಲ್ಯಾಬಿನಲ್ಲಿ ಬಂದೇನವಾಜ್ ಅದನ್ನು ಬೆಳೆಸಿ ಯಾವ ಬೂಸ್ಟು ಎಂದು ವರದಿ ಕೊಟ್ಟ. ಲೆಕ್ಕ ಹಾಕಿದ್ದು, ಬರೆದದ್ದು ಭುವನೇಶ್ವರಿ. ಅಷ್ಟರಲ್ಲಿ ಆಸ್ಮಾ ಹೆರಿಗೆಯ ರಜೆಯ ಮೇಲೆ ಊರಲ್ಲೇ ಇರುವ ತವರಿಗೆ ಹೋದಳು, ಹೆಣ್ಣು ಮಗುವಾಯಿತು.

ವಿಭಾಗದ ಮುಖ್ಯಸ್ಥರು ಡಾಕ್ಟರ್ ವಿವೇಕಾನಂದ. ಭುವನೇಶ್ವರಿಗೆ ಓದುವ ಕಾಲದಿಂದ ಗುರುಗಳು. ಒಳ್ಳೆಯ ಕೈ, ಒಳ್ಳೆಯ ಮನುಷ್ಯ, ಸ್ವಲ್ಪ ದರ್ಪ. ಲೇಖನ ಸಿದ್ಧವಾಯಿತೆಂದು ಹೇಳಲು ಹೋದಾಗ ಅವರು ಕನ್ನಡಕ ತೆಗೆದಿಟ್ಟು ಹೇಳಿದರು:

"ಬರಕೋ ಭುವನಾ. ಮೊದಲು ನನ್ನ ಹೆಸರು. ಎರಡನೇದು ನಿಂದು. ಮೂರನೇದು ಯಶವಂತಂದು ಹಾಕು."

"ಸರ್, ಯಶವಂತ ಸರ್ ಇದ್ರಾಗ..."

"ಗೊತ್ತದ. ಅವನ ಬಡ್ತಿ ಒಂದು ಲೇಖನಕ್ಕ ನಿಂತದ. ಇವತ್ತು ನೀ ಹಾಕು, ನಾಳೆ ಅವ ಬರೆದಾಗ ನಿಂದು ಹಾಕ್ತಾನ. ಹಿಂಗ ನಡೀತದ."

"ಆಸ್ಮಾ?"

"ಆ ಕಮಲಾಪುರದ ಹುಡುಗಿ? ಕೊನೀಗೆ ಒಂದು ಧನ್ಯವಾದ ಹೇಳು. ಸಾಕು."

ಅವರಿಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ತಾವು ಹುಡುಗರಿದ್ದಾಗ ಬರೆದದ್ದಕ್ಕೆಲ್ಲ ಗುರುಗಳ ಹೆಸರು ಮುಂದೆ ಹೋಗಿತ್ತು. ಈಗ ತಮ್ಮ ಪಾಳಿ ಎಂದು ಅವರು ತಿಳಿದಿದ್ದರು.

ಅವರು ಹೇಳಿದಂತೆಯೇ ಭುವನೇಶ್ವರಿ ಟೈಪ್ ಮಾಡಿದರು. ವಿವೇಕಾನಂದರು ಕೈ ಹಿಡಿದು ಕಲಿಸಿದವರು. ಯಶವಂತ ಅವರದೇ ವಿಭಾಗದ ಡಾಕ್ಟರು, ಕಣ್ಣಿನ ಹಿಂಪರದೆಯ ಕೆಲಸದಲ್ಲಿ ನಿಪುಣ. ಭುವನೇಶ್ವರಿಯ ತಂದೆ ಕೊನೆಯ ಸಲ ದವಾಖಾನೆಯಲ್ಲಿದ್ದಾಗ ಇಡೀ ತಿಂಗಳು ಭುವನೇಶ್ವರಿಯ ಡ್ಯೂಟಿಯನ್ನೂ ತಾನೇ ಮಾಡಿದ್ದ, ಕೇಳದೆಯೇ. ಇಬ್ಬರಿಗೂ ಇಲ್ಲ ಅನ್ನುವುದು ಹೇಗೆ? ಸ್ವಂತಕ್ಕೂ ಆ ಲೇಖನ ಬೇಕಿತ್ತು; ಅವರ ಬಡ್ತಿಯೂ ಹತ್ತಿರ ಬಂದಿತ್ತು. ಎರಡು ವಾರ ಸುಮ್ಮನಿದ್ದರು.

ಆಗ ಆಸ್ಮಾಳ ಫೋನು ಬಂತು. ಹಿಂದೆ ಮಗು ಅಳುವ ಸದ್ದು.

"ಮೇಡಮ್, ನಮ್ಮ ಪೇಪರ್ ಎಲ್ಲಿತನ ಬಂತ್ರಿ? ನಾ ಮುಂದಿನ ವರ್ಷ ಮಾಸ್ಟರ್ಸ್‌ಗೆ ಅರ್ಜಿ ಹಾಕೂದದ. ಪ್ರಕಟಣೆ ಇದ್ರ ಛಲೋ ಆಗ್ತದಂತ."

"ನಡದದ ಆಸ್ಮಾ" ಎಂದು ಭುವನೇಶ್ವರಿ ಫೋನ್ ಇಟ್ಟರು. ನಮ್ಮ ಪೇಪರ್ ಎಂದು ಅವಳು ಎಷ್ಟು ಸಹಜವಾಗಿ ಅಂದಳಲ್ಲ ಎನ್ನುವುದು ಆ ದಿನವೆಲ್ಲ ಅವರನ್ನು ಬಿಡಲಿಲ್ಲ.

ಆ ಶನಿವಾರ ಲೇಖನ ಕಳಿಸಲು ಕೂತರು. ವೈದ್ಯಕೀಯ ಪತ್ರಿಕೆಯವರ ಜಾಲತಾಣದಲ್ಲಿ ಒಬ್ಬೊಬ್ಬ ಲೇಖಕರ ಹೆಸರಿನ ಮುಂದೆಯೂ ಒಂದು ಪ್ರಶ್ನೆ: ಇವರು ಈ ಕೆಲಸದಲ್ಲಿ ಮಾಡಿದ್ದೇನು? ಅದರ ಕೆಳಗೆ ಇನ್ನೊಂದು: ಬರೆದದ್ದನ್ನು ಪೂರ್ತಿ ಓದಿ ಒಪ್ಪಿದ್ದಾರೆಯೇ, ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರಕ್ಕೆ ನಿಲ್ಲುತ್ತಾರೆಯೇ? ತಮ್ಮ ಹೆಸರಿನ ಮುಂದೆ ಭುವನೇಶ್ವರಿ ಸಲೀಸಾಗಿ ಬರೆದರು. ಯಶವಂತನ ಮುಂದೆ ಒಂದು ವಾಕ್ಯ ಬರೆದು ಅಳಿಸಿದರು. ಇನ್ನೊಂದು ಬರೆದು ಅಳಿಸಿದರು. ಸುಳ್ಳು ಬರೆಯದೆ ಬರೆಯಲು ಏನೂ ಇರಲಿಲ್ಲ. ವಿವೇಕಾನಂದರು ಕರಡನ್ನು ತೆರೆದು ಕೂಡ ನೋಡಿರಲಿಲ್ಲ. ಇನ್ನು ಆಸ್ಮಾಳ ಬಗ್ಗೆಯಾದರೆ ಪುಟ ಬರೆಯಬಹುದಿತ್ತು, ಆದರೆ ಅವಳ ಹೆಸರೇ ಅಲ್ಲಿಲ್ಲ.

ಕಂಪ್ಯೂಟರ್ ಮುಚ್ಚಿ ಅವರು ತಾಯಿಯ ಮನೆಗೆ ಹೋದರು. ತಾಯಿ ಸೂಗಮ್ಮ ಪಡಸಾಲೆಯಲ್ಲಿ ಕೂತು ಕಾಳು ಆರಿಸುತ್ತಿದ್ದರು. ಮಗಳು ಎದುರಿಗೆ ಕೂತು, ತಾನೂ ಆರಿಸುತ್ತ ಎಲ್ಲ ಹೇಳಿದರು.

ಸೂಗಮ್ಮ ಕೇಳಿಸಿಕೊಂಡು ಹೇಳಿದರು: "ಹೆಸರಿಗೆ ಏನದ ಬಿಡವ್ವ. ನಮ್ಮ ಅಂಗಡಿ ಬೋರ್ಡಿನ ಮ್ಯಾಲ ನಿಮ್ಮ ದೊಡ್ಡಪ್ಪ ಮಹಾದೇವಪ್ಪನವರ ಹೆಸರ ಇತ್ತು. ದುಡದವರು ನಿಮ್ಮಪ್ಪ. ಒಂದು ದಿನಾನೂ ಜಗಳ ತಗೀಲಿಲ್ಲ."

"ಅಪ್ಪಗ ಬ್ಯಾಸರ ಆಗಿತ್ತೇನು? ನೀ ಕೇಳಿದ್ದೇನವ್ವ?"

ಸೂಗಮ್ಮನ ಕೈ ಮೊರದಲ್ಲಿ ನಿಂತಿತು. "ಕೇಳಿರಲಿಲ್ಲ" ಎಂದರು. ಒಂದು ಕಲ್ಲು ಹೆಕ್ಕಿ ಎಸೆದು, "ಒಮ್ಮೆ ತಾವಾಗೇ ಅಂದಿದ್ರು. ಬೀದರದಿಂದ ಒಬ್ಬ ವ್ಯಾಪಾರಿ ಬಂದು, ನಿಮ್ಮಪ್ಪನ ಮುಂದ ನಿಂತು, ಮಾಲಕರು ಯಾವಾಗ ಬರ್ತಾರಂತ ಕೇಳಿದ್ನಂತ. ಅವತ್ತು ಊಟ ಸರಿ ಮಾಡಲಿಲ್ಲ" ಎಂದರು.

ಮತ್ತೆ ಇಬ್ಬರೂ ಕಾಳು ಆರಿಸಿದರು. ಏಳುವಾಗ ಸೂಗಮ್ಮ ಹೇಳಿದ್ದು ಇಷ್ಟೇ: "ಏನ ಮಾಡಿದ್ರೂ ಬಾಯಿ ಮಾಡಬ್ಯಾಡ. ಆದ್ರ ಹೇಳು."

ಸೋಮವಾರ ಭುವನೇಶ್ವರಿ ವಿವೇಕಾನಂದರ ಕೋಣೆಗೆ ಹೋಗಿ ನಿಂತುಕೊಂಡೇ ಮಾತು ತೆಗೆದರು. ಆಸ್ಮಾಳ ಹೆಸರು ಇರಬೇಕು, ಯಶವಂತರದು ಇರಬಾರದು.

"ಮೊದಲಿನ ಹೆಸರು ಯಾರದು ಮತ್ತ?"

"ಬರೆದಾಕಿ ನಾನರಿ ಸರ್."

ವಿವೇಕಾನಂದರು ದನಿ ಏರಿಸಲಿಲ್ಲ. ಅವರ ಸಿಟ್ಟು ತಣ್ಣಗಿನದು. "ನಿನಗ ಬ್ಲೇಡ್ ಹಿಡಿಯೂದು ಕಲಿಸಿದವ ನಾ. ನೆನಪದ ಇಲ್ಲ?"

"ಅದರಿ ಸರ್. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೇನಿ. ಆದ್ರ ಈ ಲೇಖನ ನೀವು ಇನ್ನೂ ಓದಿಲ್ರಿ."

ಭುವನೇಶ್ವರಿ ಮುದ್ರಿಸಿ ತಂದಿದ್ದ ಪ್ರತಿಯನ್ನು ಮೇಜಿನ ಮೇಲೆ ಇಟ್ಟರು. "ನಿಮ್ಮ ಹೆಸರು ಬ್ಯಾಡ ಅಂತ ನಾ ಅನ್ನಾಕತ್ತಿಲ್ರಿ. ಓದ್ರಿ. ತಪ್ಪಿದ್ರ ಬೈರಿ, ತಿದ್ದರಿ. ನಾಳೆ ಯಾರಾದ್ರೂ ಕೇಳಿದ್ರ ನಮ್ಮ ಜೊತಿ ನಿಂದ್ರರಿ. ಆಗ ನಿಮ್ಮ ಹೆಸರು ಇದ್ದೇ ಇರ್ತದ."

"ಹೋಗು" ಎಂದರು ವಿವೇಕಾನಂದರು.

ಅದಕ್ಕಿಂತ ಕಷ್ಟದ ಮಾತು ಯಶವಂತನ ಜೊತೆಗಿನದು. ಅವನನ್ನು ಕ್ಯಾಂಟೀನಿನಲ್ಲಿ ಮೂಲೆಯ ಮೇಜಿಗೆ ಕರೆದು ಚಹಾ ತರಿಸಿ ಹೇಳಿದರು. ಯಶವಂತ ಮೊದಲು ನಕ್ಕ.

"ಮೇಡಮ್, ನಾ ಏನು ನಿಮ್ಮನ್ನ ಕೇಳಿದ್ನೇನ್ರಿ? ಸರ್ ತಾವ ಹಾಕ್ತೀನಂದ್ರು. ಎಲ್ಲರೂ ಹಿಂಗ ಮಾಡ್ತಾರ."

"ಹೌದ್ರಿ. ನಾನೂ ಒಂದೆರಡು ಸಲ ಹಂಗ ಹೆಸರು ಹಾಕಿಸ್ಕೊಂಡೀನಿ. ಆದ್ರ ಇಲ್ಲಿ ನಿಮ್ಮ ಹೆಸರಿನ ಮುಂದ ಏನು ಬರೀಲಿ, ನೀವ ಹೇಳ್ರಿ. ಒಂದು ಮಾತು ಹೇಳಿದ್ರೂ ಬರೀತೀನಿ."

ಯಶವಂತ ಲೋಟವನ್ನು ಪಕ್ಕಕ್ಕೆ ಸರಿಸಿದ. ಅವನಿಗೆ ಆ ಅಧ್ಯಯನದ ತಲೆಬುಡ ಗೊತ್ತಿರಲಿಲ್ಲ. ಕಡೆಗೆ, "ತೆಗೀರಿ" ಎಂದ. "ಯಾರಾದ್ರೂ ಆ ಬೂಸ್ಟಿನ ಹೆಸರು ಕೇಳಿದ್ರ ನನಗ ಬರೂದಿಲ್ಲ." ಎದ್ದು ನಿಂತ ಮೇಲೆ ಇನ್ನೊಂದು ಮಾತು ಆಡಿದ: "ಆದ್ರ ನಿಮ್ಮ ಡ್ಯೂಟಿ ಮಾಡೂವಾಗ ನಾ ಹಿಂಗ ಲೆಕ್ಕ ಹಾಕಿರಲಿಲ್ಲ ಮೇಡಮ್."

ಆ ಋಣ ಬೇರೆ, ಇದು ಬೇರೆ ಎಂದು ಭುವನೇಶ್ವರಿಗೆ ಗೊತ್ತಿತ್ತು. ಆದರೆ ಎದುರಿಗೆ ನಿಂತವನ ಮುಖ ನೋಡಿಕೊಂಡು ಅದನ್ನು ಹೇಳುವುದಾಗಲಿಲ್ಲ.

ಗುರುವಾರ ಕಮಲಾಪುರದ ಕೆಲಸ ಮುಗಿಸಿ ಅವರು ನಬಿಸಾಬರ ಮನೆಗೆ ಹೋದರು. ಅಂಗಳದಲ್ಲಿ ಬಾಳೆಗೊನೆಗಳನ್ನು ಒಣ ಎಲೆಯ ಮೇಲೆ ಒರಗಿಸಿದ್ದರು. "ಬರ್ರಿ ಡಾಕ್ಟರ್ ಬಾಯಿ, ಬರ್ರಿ" ಎಂದು ನಬಿಸಾಬ್ ಕುರ್ಚಿ ಹಾಕಿ, ಹಣ್ಣಾದ ಒಂದು ಚಿಪ್ಪು ತಂದು ಮುಂದಿಟ್ಟು ಹೊರಗೆ ಹೋದರು. ಆಸ್ಮಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

ಭುವನೇಶ್ವರಿ ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಧನ್ಯವಾದದ ಮಾತಿಗೆ ಬಂದಾಗ ಆಸ್ಮಾಳ ಮುಖ ಬಾಡಿತು.

"ನೀವೂ ಸುಮ್ಮ ಇದ್ರೇನ್ರಿ ಮೇಡಮ್?"

"ಎರಡು ವಾರ ಸುಮ್ಮ ಇದ್ದೆ."

ಆಸ್ಮಾ ಮಗುವಿನ ಟೋಪಿ ಸರಿಮಾಡಿದಳು. "ಹೇಳಿದ್ರಿ, ಛಲೋ ಆತು" ಎಂದಳು. "ನಿಮ್ಮ ಹೆಸರು ಮೊದಲಿರಲ್ರಿ. ಬರದವರು ನೀವು, ಲೆಕ್ಕ ಹಾಕಿದವರು ನೀವು. ಆದ್ರ ನಂದೂ ಇರಬೇಕು. ಬಾಟ್ಲಿ ತರಸೂದು ನನ್ನ ವಿಚಾರ."

"ನಿಂದು ಇರ್ತದ. ಆದ್ರ ನಾ ಸುಮ್ಮ ಹಾಕೂದಿಲ್ಲ. ನೀ ಪೂರಾ ಓದಬೇಕು. ಒಪ್ಪದ ಮಾತಿದ್ರ ಹೇಳಬೇಕು."

ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಆಸ್ಮಾ ಅಲ್ಲೇ ಓದಲು ಕೂತಳು. ಎರಡನೆಯ ಪುಟದಲ್ಲೇ ನಿಂತಳು. ರೋಗಿಗಳು ಅಜ್ಞಾನದಿಂದ ತಡವಾಗಿ ಬರುತ್ತಾರೆ ಎಂದು ಭುವನೇಶ್ವರಿ ಬರೆದಿದ್ದರು.

"ಇದನ್ನ ನಾ ಒಪ್ಪೂದಿಲ್ರಿ. ನಾವು ಅವರಿಗೆ ತಡ ಯಾಕಾತು ಅಂತ ಕೇಳೇ ಇಲ್ಲ. ಕೇಳದ ಮಾತು ಹೆಂಗ ಬರೀತೀರಿ?"

"ಎಲ್ಲರೂ ಹಂಗ ಬರೀತಾರ ಆಸ್ಮಾ."

"ಯಶವಂತ ಸರ್‌ನೂ ಹಂಗ ಅಂದ್ರಲ್ರಿ."

ಭುವನೇಶ್ವರಿ ನಕ್ಕರು, ಆ ಸಾಲನ್ನು ಹೊಡೆದು ಹಾಕಿದರು. ಆಸ್ಮಾಳದ್ದೂ ಎಲ್ಲ ನಡೆಯಲಿಲ್ಲ. ಹೆಂಗಸರ ಕಣ್ಣುಗಳೇ ಹೆಚ್ಚು ಹಾಳಾಗುತ್ತವೆ, ಅದನ್ನು ಸೇರಿಸಬೇಕು ಎಂದು ಅವಳ ವಾದ. ಅವಳು ನೋಡಿದ ಕೆಲವು ಹೆಣ್ಣುಮಕ್ಕಳ ನೋವು ಅವಳ ಮನಸ್ಸಿನಲ್ಲಿ ಉಳಿದಿತ್ತು. ಲೆಕ್ಕದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ ಎಂದು ಭುವನೇಶ್ವರಿ ಅಂಕಿ ತೋರಿಸಿದರು. ಆಸ್ಮಾ ಎರಡು ಸಲ ನೋಡಿ, ಮುಖ ಸಣ್ಣ ಮಾಡಿಕೊಂಡು ಬಿಟ್ಟುಕೊಟ್ಟಳು. ಕೊನೆಯ ಬಸ್ಸಿಗೆ ಹೊರಡುವಾಗ ನಬಿಸಾಬ್, "ಏನ್ ಜಗಳ ನಡದಿತ್ತು ಒಳಗ?" ಎಂದು ಗಾಬರಿಯಿಂದ ಕೇಳಿದರಂತೆ.

ವಿವೇಕಾನಂದರು ಮೂರು ವಾರ ಭುವನೇಶ್ವರಿಯ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಲೇಖನವನ್ನು ಅವರಿಲ್ಲದೆ ಕಳಿಸಬೇಕೋ ಕಾಯಬೇಕೋ ತಿಳಿಯದೆ ಭುವನೇಶ್ವರಿ ಕಾದರು. ಒಂದು ಮುಂಜಾನೆ ಹೊರರೋಗಿಗಳ ಕೋಣೆಗೆ ಅವರೇ ಬಂದರು. ಕೈಯಲ್ಲಿ ಅದೇ ಪ್ರತಿ. ಅಂಚಿನ ತುಂಬ ಪೆನ್ಸಿಲಿನ ಗೀಟುಗಳು.

"ಭುವನಾ, ಇದು ಹಿಂಗ ಹೋದ್ರ ನಗ್ತಾರ."

"ಏನ್ರಿ ಸರ್?"

"ಸ್ಟಿರಾಯ್ಡ್ ಹಾಕ್ಕೊಂಡವರಾಗ ಇಷ್ಟು ಮಂದಿ ಕಣ್ಣು ಕೆಟ್ಟಾವ ಅಂತ ಬರದೀ. ಹಾಕ್ಕೊಂಡು ಆರಾಮಾದವ ನಿನ್ನ ಕೇಂದ್ರಕ್ಕ ಯಾಕ ಬರ್ತಾನ? ಕೆಟ್ಟವರಷ್ಟ ಬಂದಾರ. ಬಂದವರನ್ನ ನೋಡಿ ಊರ ಲೆಕ್ಕ ಹೇಳಾಕ ಬರ್ತದೇನು?"

ಭುವನೇಶ್ವರಿ ಕುರ್ಚಿಯಲ್ಲಿ ಕೂತೇಬಿಟ್ಟರು. ಮಾತು ಸರಿಯಾಗಿತ್ತು. ಎರಡು ವರ್ಷ ಆ ಅಂಕಿಗಳ ಜೊತೆ ಬಾಳಿದ ಅವರಿಗಾಗಲಿ ಆಸ್ಮಾಳಿಗಾಗಲಿ ಅದು ಹೊಳೆದಿರಲಿಲ್ಲ. ವಿವೇಕಾನಂದರು ಎದುರಿನ ಸ್ಟೂಲಿನ ಮೇಲೆ ಕೂತು ಇನ್ನೂ ನಾಲ್ಕಾರು ಕಡೆ ತೋರಿಸಿದರು. ಹೊರಗೆ ರೋಗಿಗಳು ಕಾಯುತ್ತಿದ್ದರು.

"ಇದಕ್ಕೇನು ಮಾಡೂದ್ರಿ ಸರ್?"

"ಒಂದು, ಮಾತು ಸಣ್ಣದ ಮಾಡು. ಇಲ್ಲಾ, ಹಳ್ಳಿಗೆ ಹೋಗಿ ಮನಿ ಮನಿ ಕೇಳು."

ಆಸ್ಮಾಳನ್ನು ಫೋನಿನಲ್ಲಿ ಕೇಳಿದಾಗ, "ಮನಿ ಮನಿ ಹೋಗೂಣ್ರಿ" ಎಂದಳು. ರಜೆ ಮುಗಿಸಿ ಬಂದ ಮೇಲೆ ಕಮಲಾಪುರದ ಸುತ್ತಿನ ಎರಡು ಹಳ್ಳಿಗಳಲ್ಲಿ, ಕಳೆದ ರಾಶಿಯಲ್ಲಿ ಯಾರ ಕಣ್ಣಿಗೆ ಪೆಟ್ಟಾಗಿತ್ತು, ಏನು ಹಾಕಿಕೊಂಡಿದ್ದರು, ಏನಾಯಿತು ಎಂದು ಕೇಳುತ್ತ ಇಬ್ಬರೂ ತಿರುಗಿದರು. ಒಂದು ದಿನ ವಿವೇಕಾನಂದರೂ ತಮ್ಮ ಕಾರು ತಂದರು. ಬಿಸಿಲಿಗೆ ತಲೆಗೆ ಟವೆಲ್ ಹಾಕಿಕೊಂಡು, ಕಟ್ಟೆಯ ಮೇಲೆ ಕೂತ ಮುದುಕರ ಕಣ್ಣಿಗೆ ಟಾರ್ಚ್ ಬಿಡುತ್ತ ನಿಂತಿದ್ದ ಅವರನ್ನು ನೋಡಿ ಆಸ್ಮಾ ಮೆಲ್ಲಗೆ, "ಸರ್‌ಗೆ ಹಳ್ಳಿ ಮಂದಿ ಜೊತಿ ಮಾತು ಛಲೋ ಬರ್ತದರಿ" ಎಂದಳು. ಅವರು ಹುಟ್ಟಿದ್ದು ಹಳ್ಳಿಯಲ್ಲೇ, ಆಳಂದದ ಕಡೆ. ಅದನ್ನು ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ.

ಅದೇ ಹನಿ ಹಾಕಿಕೊಂಡು ಆರಾಮಾದವರೂ ಸಿಕ್ಕರು, ಎಣಿಸಿದ್ದಕ್ಕಿಂತ ಹೆಚ್ಚು. ಲೇಖನದ ದೊಡ್ಡ ಮಾತು ಸಣ್ಣದಾಯಿತು. ತೊಗರಿ ಕಟ್ಟಿಗೆಯೋ ಹೊಟ್ಟೋ ಬಡಿದ ಕಣ್ಣಿಗೆ ಆ ಹನಿ ಹೆಚ್ಚು ಅಪಾಯ ಎಂಬಷ್ಟನ್ನು ಮಾತ್ರ ಹೇಳಲು ಬಂತು. ಹೇಳಿದ್ದು ಗಟ್ಟಿಯಾಗಿ ನಿಂತಿತು.

ಕಳಿಸುವ ಮೊದಲು ಲ್ಯಾಬಿನ ಬಂದೇನವಾಜನನ್ನೂ ಭುವನೇಶ್ವರಿ ಕೇಳಿದರು: ಲೇಖಕನಾಗಿ ಬರುತ್ತೀಯಾ? ಬರುವುದಾದರೆ ಓದಬೇಕು, ಉತ್ತರಕ್ಕೆ ನಿಲ್ಲಬೇಕು. ಅವನು ತಲೆಯಾಡಿಸಿದ. "ಬ್ಯಾಡ್ರಿ ಮೇಡಮ್. ನಂದು ದಿನದ ಕೆಲಸ ನಾ ಮಾಡೀನಿ. ಧನ್ಯವಾದದಾಗ ಹೆಸರು ಹಾಕ್ರಿ, ಬಂದೇನವಾಜ್ ಅಂತ ಪೂರಾ ಹಾಕ್ರಿ. ಲ್ಯಾಬ್ ಸಿಬ್ಬಂದಿ ಅಂತ ಬ್ಯಾಡ." ಹಾಗೆಯೇ ಹಾಕಿದರು.

ಮೊದಲು ಕಳಿಸಿದ ದೊಡ್ಡ ಪತ್ರಿಕೆ ಬೇಡವೆಂದಿತು. ಎರಡನೆಯದು ನಾಲ್ಕು ಸಲ ತಿದ್ದಿಸಿ ಒಪ್ಪಿತು. ಅದರ ಮೇಲೆ ಮೂರು ಹೆಸರು: ಭುವನೇಶ್ವರಿ, ಆಸ್ಮಾ, ವಿವೇಕಾನಂದ. ಅಚ್ಚಾದ ಪುಟವನ್ನು ವಿವೇಕಾನಂದರು ಕೋಣೆಯಲ್ಲಿ ಕೂತು ಓದಿ, "ಕೊನೀಗೆ ಹಾಕೀ ನನ್ನ" ಎಂದರು. ನಗುತ್ತಿದ್ದರೋ ಇಲ್ಲವೋ ಭುವನೇಶ್ವರಿಗೆ ಗೊತ್ತಾಗಲಿಲ್ಲ. ಆಮೇಲೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಅದನ್ನೇ ಮುಂದಿಟ್ಟುಕೊಂಡು, ಬಂದವರನ್ನು ನೋಡಿ ಊರ ಲೆಕ್ಕ ಹೇಳಬಾರದು ಎಂದು ಪಾಠ ಮಾಡುತ್ತಿದ್ದದ್ದು ಭುವನೇಶ್ವರಿಯ ಕಿವಿಗೆ ಬಿತ್ತು.

ಯಶವಂತನ ಬಡ್ತಿ ಆ ವರ್ಷ ಆಗಲಿಲ್ಲ. ಮರುವರ್ಷ, ಕಪನೂರಿನ ವರ್ಕ್‌ಶಾಪುಗಳಲ್ಲಿ ಕಬ್ಬಿಣದ ಕಿಡಿ ಕಣ್ಣೊಳಗೆ ಹೊಕ್ಕವರ ಬಗ್ಗೆ ತಾನೇ ದುಡಿದು ಬರೆದ, ಆಗ ಆಯಿತು. ಆ ದಿನ ಅವನು ಎಲ್ಲರಿಗೂ ಪೇಡಾ ಹಂಚಿದ, ಭುವನೇಶ್ವರಿಗೂ ಕೊಟ್ಟ. ಕ್ಯಾಂಟೀನಿನಲ್ಲಿ ಎದುರಾದರೆ ಮಾತಾಡುತ್ತಾನೆ. ಆದರೆ ಮೊದಲಿನ ಹಾಗೆ ಕುರ್ಚಿ ಎಳೆದುಕೊಂಡು ಬಂದು ಕೂಡುವುದಿಲ್ಲ. "ಅದೊಂದು ಹೋತು" ಎಂದು ಭುವನೇಶ್ವರಿ ಒಮ್ಮೆ ಅಂದರು. ನಾನು ಸಮಾಧಾನದ ಮಾತು ಹೇಳಹೊರಟೆ, ಅವರು ಕೈ ಆಡಿಸಿ ತಡೆದರು.

ಹಳ್ಳಿಗಳಲ್ಲಿ ಮನೆಮನೆ ಕೇಳಿದ್ದರಲ್ಲಿ ಇನ್ನೊಂದು ವಿಷಯ ಸಿಕ್ಕಿತ್ತು: ಜನ ತಡವಾಗಿ ಬರುವುದು ಯಾಕೆ ಎಂಬುದು. ಈ ಸಲ ಅದನ್ನು ಸರಿಯಾಗಿಯೇ ಕೇಳಿದ್ದರು. ಅದನ್ನು ತಾನೇ ಬರೆಯುತ್ತೇನೆಂದು ಆಸ್ಮಾ ಹಟ ಹಿಡಿದಳು. ಮಾಸ್ಟರ್ಸ್ ಓದಿನ ಮಧ್ಯೆ, ಮಗುವಿನ ಮಧ್ಯೆ, ಹೊಡೆದು ಬರೆದು ಹೊಡೆದು ಬರೆದು ಕರಡು ತಂದಳು. ಅದರ ಮೇಲೆ ಮೊದಲ ಹೆಸರು ಅವಳದು. ಅದರ ಬಗ್ಗೆ ಯಾರೂ ಚರ್ಚೆ ಕೂಡ ಮಾಡಲಿಲ್ಲ, ಕೆಲಸ ಶುರುಮಾಡುವ ದಿನವೇ ಮಾತಾಗಿತ್ತು.

ಕಳೆದ ವಾರ ನಾನು ಕಮಲಾಪುರಕ್ಕೆ ಬೇರೆ ಕೆಲಸಕ್ಕೆ ಹೋದವನು ಆ ಕೇಂದ್ರಕ್ಕೆ ಹೊಕ್ಕಿದ್ದೆ. ರೋಗಿಗಳೆಲ್ಲ ಹೋಗಿದ್ದರು. ಒಳಗಿನ ಕೋಣೆಯಲ್ಲಿ ಇಬ್ಬರೂ ಒಂದೇ ಪುಟದ ಮೇಲೆ ಬಾಗಿ ಕೂತಿದ್ದರು.

"ಈ ಸಾಲು ಉದ್ದ ಆಗ್ಯಾದ ಆಸ್ಮಾ" ಎನ್ನುತ್ತಿದ್ದರು ಭುವನೇಶ್ವರಿ.

"ಉದ್ದ ಇರಲ್ರಿ ಮೇಡಮ್. ತುಂಡು ಮಾಡಿದ್ರ ಅರ್ಥ ಹೋಗ್ತದ."

"ಹೋಗೂದಿಲ್ಲ, ನೋಡು."

ನನ್ನನ್ನು ಕಂಡು ಭುವನೇಶ್ವರಿ ಕೂಡಿರೆಂದು ಸನ್ನೆ ಮಾಡಿದರು, ಆದರೆ ಪೆನ್ಸಿಲು ಕೆಳಗಿಡಲಿಲ್ಲ.